ಅಳಿಯನ ಹೆಡ್‌ಲೈಟು
“ಅತ್ತೆ, ಕಂಪನಿಯವರು ಹಾಕಿಕೊಟ್ಟಿದ್ದು ಬಲ್ಬೇ ಅಲ್ಲ, ಮಿಣುಕುಹುಳ. ಅರವತ್ತು ವ್ಯಾಟಲ್ಲಿ ಏನು ಕಾಣುತ್ತೆ? ನೂರರದ್ದು ಹಾಕಿಸಿದೆ, ಸಾಲಲಿಲ್ಲ. ಈಗ ನೂರಮೂವತ್ತು! ಇರುವೆ ಅಡ್ಡ ಬಂದ್ರೆ ಅದರ ಮೀಸೆನೂ ಕಾಣುತ್ತೆ,” ಅನ್ನುತ್ತಾನೆ ಕಾರ್ಖಾನೆಯ ಸಂಜೆ ಪಾಳಿಯವರಿಗೆ ವ್ಯಾನು ಓಡಿಸುವ ನನ್ನ ಅಳಿಯ. ಹೊಸ ಬಲ್ಬನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ, ಕರವಸ್ತ್ರದಲ್ಲಿ ಹಸುಗೂಸಿನಂತೆ ಎತ್ತಿಕೊಳ್ಳುತ್ತಾನೆ. ಕಾವಿಗೆ ಹೋಲ್ಡರು ಕರಗಿ ಕಮಟು ವಾಸನೆ ಬಂದರೆ ದಪ್ಪ ವೈರು ಎಳೆಸುತ್ತಾನೆಯೇ ಹೊರತು ಬಲ್ಬು ಇಳಿಸುವುದಿಲ್ಲ. ಎದುರು ಬರುವವರು ಬೈದರೂ ಇವನಿಗೆ ಹೊಗಳಿಕೆಯೇ. “ಸೂರ್ಯನ್ನೇ ಕಟ್ಟಿಸ್ಕೊಂಡು ಬಂದ್ಬಿಡಿ,” ಎಂದು ಮಗಳು ಛೇಡಿಸುತ್ತಾಳೆ. ಒಬ್ಬ ಮನುಷ್ಯನಿಗೆ ಎಷ್ಟು ಬೆಳಕು ಬೇಕಪ್ಪಾ ಎಂದು ನನಗೂ ಕುತೂಹಲ. ನಿನ್ನೆ ಮುಸ್ಸಂಜೆ, ಪಾಳಿಗೆ ಹೊರಡುವ ಮೊದಲು, ಅವನು ಒಗೆದ ಕಾಲುಚೀಲ ಜೋಡಿಸುತ್ತಿದ್ದ. ಕಪ್ಪಿಗೆ ನೀಲಿ, ನೀಲಿಗೆ ಕಂದು. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ: “ಮಂಕಾಗಿರೋದು ಲೈಟಾ, ಕಣ್ಣಾ?” ಅವನ ಕೈ ನಿಂತಿತು. “ಡಾಕ್ಟ್ರು ವ್ಯಾನ್ ಓಡಿಸ್ಬೇಡ ಅಂದ್ರೆ, ಅತ್ತೆ?” “ನಿನ್ನ ಹಿಂದೆ ಅಷ್ಟು ಜನ ಕೂತಿರ್ತಾರಲ್ಲಪ್ಪ.” ಕಾಲುಚೀಲ ಕೆಳಗಿಟ್ಟು, ಇವತ್ತು ಬೇರೆಯವರನ್ನು ಕಳಿಸಿ ಎಂದು ಕಾರ್ಖಾನೆಗೆ ಫೋನು ಮಾಡಿದ. “ನಾಳೆ ಆಸ್ಪತ್ರೆಗೆ ನೀವೂ ಬನ್ನಿ,” ಅಂದ. ಹೂಂ ಅಂದೆ. ನಾನು ಬಣ್ಣ ಹೇಳುತ್ತಾ ಕಾಲುಚೀಲ ಕೊಡುತ್ತಾ ಹೋದೆ, ಅವನು ಮಡಚಿಡುತ್ತಾ ಹೋದ.