ನಾನು ಆಡಿದ ನಾಲ್ಕು ಪಂದ್ಯ

ಬೆಂಗಳೂರಿನ ಕ್ಲಬ್ಬೊಂದು ನನ್ನನ್ನು ಕರೆಸಿಕೊಂಡಾಗ ನನಗೆ ಹತ್ತೊಂಬತ್ತು ವರ್ಷ. ನಮ್ಮೂರು ಗಿಣಿಗೇರಾ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ಬೆಳಗಿನ ಪಾಳಿ ಮುಗಿಸಿದ ಬಂಗಾಳ, ಒಡಿಶಾ ಕಡೆಯ ಕಾರ್ಮಿಕರು ಸಂಜೆ ಬಯಲಿನಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ನಾನು ಕಲಿತದ್ದು ಅವರ ಜೊತೆ. ಎಷ್ಟು ಓಡಿದರೂ ದಣಿಯುವುದಿಲ್ಲವೆಂದು ನನ್ನನ್ನು ಮೈದಾನದ ನಡುವೆ ನಿಲ್ಲಿಸಿದರು. ಮುಂದೆ ಕ್ಲಬ್ಬಿನಲ್ಲೂ ಅದೇ ಜಾಗ ಸಿಕ್ಕಿತು.

ಮೊದಲ ಹಂಗಾಮಿನ ಬಹುಪಾಲು ಬೆಂಚಿನ ಮೇಲೆ ಕಳೆಯಿತು. ಕೊನೆಗೆ ನಾಲ್ಕು ಪಂದ್ಯ ಆಡಿಸಿದರು. ಮೂರನೆಯದರಲ್ಲಿ ನಾನು ಕೊಟ್ಟ ಪಾಸಿನಿಂದ ಗೋಲಾಯಿತು. ಪೇಪರಿನಲ್ಲಿ ನನ್ನ ಬಗ್ಗೆ ಎರಡು ಸಾಲು ಬಂದವು. ಅಪ್ಪ ಅದನ್ನು ಕತ್ತರಿಸಿ ಕಾರ್ಖಾನೆಗೆ ಒಯ್ದು ಎಲ್ಲರಿಗೂ ತೋರಿಸಿದನಂತೆ.

ಎರಡನೇ ಹಂಗಾಮಿಗೆ ಮುಂಚೆ ಕ್ಲಬ್ಬಿಗೆ ಹೊಸ ಡಾಕ್ಟರು ಬಂದರು. ಎಲ್ಲರಿಗೂ ಇಸಿಜಿ ಮಾಡಿಸಿ, ನನ್ನೊಬ್ಬನನ್ನು ಎಕೋ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಎದುರಿಗೆ ಕೂರಿಸಿಕೊಂಡು ಹೇಳಿದರು:

"ನಿಮ್ಮ ಹೃದಯದ ಗೋಡೆ ದಪ್ಪ ಆಗಿದೆ. ಜೋರಾಗಿ ಓಡುವಾಗ ಒಮ್ಮೆಲೇ ನಿಂತುಬಿಡಬಹುದು."

"ಎಷ್ಟು ದಿನ ಆಡಬಾರದು ಸರ್?"

"ಇನ್ನು ಆಡಲೇಬಾರದು. ಇದು ವಂಶದಲ್ಲಿ ಬರೋದು. ಮನೆಯವರಿಗೂ ಪರೀಕ್ಷೆ ಮಾಡಿಸಿ."

ಅವತ್ತು ಬೆಳಿಗ್ಗೆಯಷ್ಟೇ ಮೈದಾನಕ್ಕೆ ಹತ್ತು ಸುತ್ತು ಹಾಕಿದ್ದೆ. ಒಂದು ಮುಳ್ಳು ಚುಚ್ಚಿದಷ್ಟೂ ನೋವಿರಲಿಲ್ಲ.

ಊರಿಗೆ ಬಂದಾಗ ಅಪ್ಪ ನಂಬಲಿಲ್ಲ. "ಎದಿ ನೋವಿಲ್ಲ, ದಮ್ಮಿಲ್ಲ, ಎಂಥಾ ರೋಗಪಾ ಇದು? ಅವರಿಗೆ ಬ್ಯಾರೆ ಯಾರನ್ನೋ ತಗೋಬೇಕಾಗೇತಿ, ಅದಕ ನೆವ ಹೇಳ್ಯಾರ," ಎಂದ. ಅವ್ವ ಮಾತ್ರ ಒಲೆಯ ಮುಂದಿನಿಂದ ಎದ್ದು ಬಂದಳು. ತಾವರಗೇರಾದಲ್ಲಿದ್ದ ಅವಳ ತಮ್ಮ ಇಪ್ಪತ್ತನಾಲ್ಕನೇ ವಯಸ್ಸಿಗೆ ಹೊಲದಲ್ಲಿ ಎತ್ತಿನ ಹಿಂದೆ ಓಡುತ್ತ ಓಡುತ್ತಲೇ ಬಿದ್ದು ಸತ್ತಿದ್ದ. ಬಿಸಿಲು ಬಡಿಯಿತು ಎಂದಿದ್ದರು ಎಲ್ಲರೂ.

"ನನ್ನ ತಮ್ಮಗೂ ಇದ ಇತ್ತೇನು?" ಎಂದು ಕೇಳಿದಳು.

ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಪರೀಕ್ಷೆ ಮಾಡಿಸಿದೆವು. ಅಪ್ಪನಿಗೆ ಏನೂ ಇರಲಿಲ್ಲ. ಅವ್ವನಿಗೆ ಸ್ವಲ್ಪ ಇತ್ತು. ತಂಗಿಗೆ ನನ್ನಷ್ಟೇ ಇತ್ತು.

ತಂಗಿಗೆ ಆಗ ಹದಿನೇಳು. ಕಾಲೇಜಿನ ಖೋಖೋ ತಂಡದಲ್ಲಿ ಅವಳಷ್ಟು ಹೊತ್ತು ಸಿಗದೆ ಓಡುವವರು ಇನ್ನೊಬ್ಬರಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ ಮಾತಿಗೆಲ್ಲ ತಲೆಯಾಡಿಸಿದಳು. ಎರಡು ವಾರವಾದ ಮೇಲೆ, ಗೆಳತಿಯ ಮನೆಗೆ ಓದಲು ಹೋಗುತ್ತೇನೆಂದು ಹೇಳಿ ಪಂದ್ಯ ಆಡಲು ಯಲಬುರ್ಗಾಕ್ಕೆ ಹೋದಳು. ಆ ಗೆಳತಿಯೇ ಹೆದರಿ ನನಗೆ ಫೋನ್ ಮಾಡಿದಳು. ತಂಗಿಯ ವರದಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಬೈಕ್ ಹತ್ತಿದೆ.

ನಾನು ಅಲ್ಲಿಗೆ ಮುಟ್ಟಿದಾಗ ಅವಳು ಓಡುತ್ತಿದ್ದಳು. ಎಷ್ಟು ಚೆನ್ನಾಗಿ ಓಡುತ್ತಿದ್ದಳೆಂದರೆ, ಒಂದು ಕ್ಷಣ ನಾನೂ ಸುಮ್ಮನೆ ನೋಡುತ್ತ ನಿಂತುಬಿಟ್ಟೆ. ಹಾಗೆ ನಿಂತದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಆಮೇಲೆ ಅವಳ ಆಟದ ಮೇಷ್ಟ್ರ ಕೈಗೆ ವರದಿ ಕೊಟ್ಟೆ. ಅವರು ಓದಿ, ಬಿಳಿಚಿಕೊಂಡು ಸೀಟಿ ಊದಿದರು.

ಅವಳು ಏದುಸಿರು ಬಿಡುತ್ತ ನನ್ನ ಹತ್ತಿರ ಬಂದಳು. ಹುಡುಗಿಯರೆಲ್ಲ ನೋಡುತ್ತಿದ್ದರು.

"ಯಾರ್ನ ಕೇಳಿ ಬಂದಿ?"

"ಮಾಮಾ ಹೆಂಗ ಸತ್ತ ಅಂತ ಗೊತ್ತಿಲ್ಲೇನು ನಿನಗ?"

"ನಿನಗ ನಾಕ ಮ್ಯಾಚರ ಸಿಕ್ಕವು. ಪೇಪರ್‌ನ್ಯಾಗ ಹೆಸರು ಬಂತು. ನನಗೇನು ಸಿಕ್ತು ಅಣ್ಣಾ?"

ಬೈಕಿನ ಮೇಲೆ ಕೂತು ಊರು ಸೇರುವವರೆಗೂ ಅವಳು ನನ್ನ ಹೆಗಲು ಹಿಡಿಯಲಿಲ್ಲ, ಹಿಂದಿನ ಕಂಬಿ ಹಿಡಿದಿದ್ದಳು.

ಈಗ ಅವ್ವ ಪ್ರತಿ ಹುಣ್ಣಿಮೆಗೆ ಹೇಮಗುಡ್ಡದ ದೇವಿಯ ಗುಡಿಗೆ ಹೋಗುತ್ತಾಳೆ. ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲಾರಿಗಳ ತೂಕ ನೋಡುತ್ತೇನೆ. ತಂಗಿ ಕೊಪ್ಪಳದಲ್ಲಿ ಡಿಗ್ರಿ ಓದುತ್ತಿದ್ದಾಳೆ. ನನ್ನ ಜೊತೆ ಬೇಕಾದಷ್ಟೇ ಮಾತು. ಹೋದ ತಿಂಗಳು ತಪಾಸಣೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆವು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಮುಂದೆ ಹೋಗಿ ಗುರುತಿಲ್ಲದ ಅಜ್ಜಿಯೊಬ್ಬಳ ಪಕ್ಕ ಕುಳಿತಳು.