ಸಿದ್ದಮ್ಮನವರಿಗೆ ಎಳ್ಳು ಮುನಿದ ಕಥೆ

1913ರಲ್ಲಿ ನಾನು ಚಳ್ಳಕೆರೆಯ ಡಿಸ್ಪೆನ್ಸರಿಯಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಹೆಸರು ಉದ್ದವಾಗಿದೆ ಎಂದು ಹುದ್ದೆಯೂ ದೊಡ್ಡದೆಂದುಕೊಳ್ಳಬೇಡಿ. ಗಾಯ ಹೊಲಿಯುವವನೂ ನಾನೇ, ಹಲ್ಲು ಕೀಳುವವನೂ ನಾನೇ. ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲಿ ಸಿಡುಬಿನ ಲಸಿಕೆ ಸರಿಯಾಗಿ ನಡೆದಿದೆಯೇ ಎಂದು ಎತ್ತಿನ ಗಾಡಿಯಲ್ಲಿ ಸೊಂಟ ಮುರಿದುಕೊಂಡು ನೋಡಿ ಬರುವವನೂ ನಾನೇ.

ಪೇಟೆಯಲ್ಲಿ ಎಳ್ಳು, ಕಾಳುಕಡಿ ವ್ಯಾಪಾರದ ಮನೆಯೊಂದಿತ್ತು. ಆ ಮನೆಯ ಯಜಮಾನಿ ಸಿದ್ದಮ್ಮನವರಿಗೆ ಐವತ್ತೈದರ ಆಸುಪಾಸು. ಗಂಡ ತೀರಿಹೋದ ಮೇಲೆ ಮಗ ಬಸಪ್ಪನನ್ನು ಮುಂದಿಟ್ಟುಕೊಂಡು ವ್ಯಾಪಾರ ನಡೆಸಿದ ಗಟ್ಟಿಗಿತ್ತಿ. ನನ್ನನ್ನು ಕಂಡರೆ ಮಾತ್ರ ಅವರಿಗೆ ಎಲ್ಲಿಲ್ಲದ ಕನಿಕರ. "ಬರೀ ಅನ್ನ ತಿಂದು ಹಿಂಗೆ ಕಡ್ಡಿ ಆಗೀಯಾ ಡಾಕ್ಟ್ರಪ್ಪಾ. ನನ್ ಸೊಸಿ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಮಾಡ್ತಾಳೆ, ಬಾ, ಒಂದ್ ತಿಂಗ್ಳು ತಿನ್ನು" ಎನ್ನುತ್ತಿದ್ದರು. ಹೋಗಿ ತಿಂದಿದ್ದೇನೆ. ದೇವಸಮುದ್ರದಿಂದ ಬಂದ ಆ ಸೊಸೆ ಪಾರ್ವತಿಯ ಕೈರುಚಿಯ ಬಗ್ಗೆ ಸಿದ್ದಮ್ಮ ಹೇಳಿದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆಯಿರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಬಸಪ್ಪ ಏದುಸಿರು ಬಿಡುತ್ತ ಡಿಸ್ಪೆನ್ಸರಿಗೆ ಓಡಿಬಂದ. "ಅವ್ವಗೆ ಉಸ್ರು ಕಟ್ಟೈತೆ, ಬರ್ರಿ ಸ್ವಾಮಿ!"

ಹೋಗಿ ನೋಡಿದರೆ ಸಿದ್ದಮ್ಮನವರ ಗುರುತೇ ಸಿಗಲಿಲ್ಲ. ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತ್ತು, ತುಟಿ ದಪ್ಪಗಾಗಿತ್ತು, ಮೈತುಂಬ ಕೆಂಪು ದದ್ದು. ಅದೇ ಊರಿಗೆ ಕೊಟ್ಟಿದ್ದ ಮಗಳು ನಾಗಮ್ಮ, ಪಿತ್ತದ ಗಂಧೆಗೆ ಎಲ್ಲರೂ ಮಾಡುವಂತೆ, ಕಂಬಳಿಯಿಂದ ಅವ್ವನ ಬೆನ್ನು ತಿಕ್ಕುತ್ತ ಅಳುತ್ತಿದ್ದಳು. ಎತ್ತಿ ಕೂರಿಸಿ ಒರಗಿಸಿದೆ, ತಿಂದದ್ದು ವಾಂತಿಯಾಗಲೆಂದು ಔಷಧ ಕೊಟ್ಟೆ. ಇಂಥ ಊತಕ್ಕೆ ಈಗಿರುವಂಥ ಇಂಜೆಕ್ಷನ್ ಆಗ ನನ್ನ ಬಳಿ ಇರಲಿಲ್ಲ. ನಿಜ ಹೇಳಬೇಕೆಂದರೆ ನಾಡಿ ಹಿಡಿದುಕೊಂಡು ದೇವರನ್ನು ನೆನೆದದ್ದೇ ಹೆಚ್ಚು. ಸಂಜೆಯ ಹೊತ್ತಿಗೆ ಉಸಿರು ಸರಾಗವಾಯಿತು.

ಕೈ ತೊಳೆಯಲು ಹಿತ್ತಲಿಗೆ ಬಂದಾಗ ನಾಗಮ್ಮ ಹಿಂದೆಯೇ ಬಂದಳು. "ನಮ್ಮವ್ವಗೆ ಆ ಪಾರ್ವತಿ ಮದ್ದು ಹಾಕ್ಯಾಳೆ ಸ್ವಾಮಿ" ಎಂದಳು.

ಊಟದಲ್ಲಿ ಏನನ್ನೋ ಬೆರೆಸಿ ಮನುಷ್ಯರನ್ನು ವಶ ಮಾಡಿಕೊಳ್ಳುತ್ತಾರೆ, ಇಲ್ಲವೇ ಒಳಗೊಳಗೇ ಕೊಲ್ಲುತ್ತಾರೆ ಎಂಬ ಭಯ ಆ ಕಡೆ ಮನೆಮನೆಯಲ್ಲೂ ಇತ್ತು. ಅದಕ್ಕೇ ಮದ್ದು ಹಾಕುವುದು ಎನ್ನುತ್ತಿದ್ದರು. ಸಿದ್ದಮ್ಮನವರಿಗೆ ಹೀಗೆ ದದ್ದು ಏಳತೊಡಗಿದ್ದು ಪಾರ್ವತಿ ಮನೆ ತುಂಬಿದ ವರ್ಷವೇ. ಇನ್ನೇನು ಬೇಕು? ಕುಲದವರ ಒತ್ತಾಯಕ್ಕೆ ಆಗಲೇ ಅವಳನ್ನು ತವರಿಗೆ ಕಳಿಸಿಯಾಗಿತ್ತು. ಬರುವ ಸೋಮವಾರ ಕುಲದ ಹಿರಿಯರು ಸೇರಲಿದ್ದರು. ಪಾರ್ವತಿ ತಾನು ಮದ್ದು ಹಾಕಿಲ್ಲವೆಂದು ಗುಡಿಯಲ್ಲಿ ದೀಪ ಆರಿಸಿ ಪ್ರಮಾಣ ಮಾಡಬೇಕು, ಒಪ್ಪದಿದ್ದರೆ ತವರಲ್ಲೇ ಉಳಿಯಬೇಕು. ಬಸಪ್ಪ ತಲೆ ತಗ್ಗಿಸಿ ನಿಂತಿದ್ದ. ಒಳಗಿನಿಂದ ಸಿದ್ದಮ್ಮನವರ ಒಡೆದ ದನಿ ಕೇಳಿಸಿತು:

"ದೀಪ ಆರ್ಸೋ ಅಂಥದ್ದೇನು ಮಾಡ್ಯಾಳೆ ನನ್ ಸೊಸಿ? ಈ ಮನಿಗೆ ದೀಪ ಹಚ್ಚಾಕೆ ಬಂದೋಳು ಆಕೆ!"

ಆಮೇಲೆ ತಿಳಿಯಿತು, ಸೊಸೆಗೆ ಕೆಟ್ಟ ಹೆಸರು ಬಂದೀತೆಂದು ಮೊದಮೊದಲು ದದ್ದು ಎದ್ದಾಗ ಈ ಪುಣ್ಯಾತ್ಗಿತ್ತಿ ಸೆರಗು ಹೊದ್ದು ಮರೆಮಾಚುತ್ತಿದ್ದರಂತೆ!

ನಾನು ನಾಗಮ್ಮನನ್ನು ಕೇಳಿದೆ: "ಪಾರ್ವತಿ ಹೋದ ಮೇಲೆ ಅಡುಗೆ ಯಾರದು?"

"ನಂದೇ."

"ಮತ್ತೆ ಇವತ್ತು ಎಲ್ಲಕ್ಕಿಂತ ಜೋರಾಗಿ ಬಂದದ್ದು ಹೇಗೆ?"

"ಅದು ಹಳೇ ಮದ್ದು ಮ್ಯಾಲೆ ಬರ್ತಾ ಐತೆ ಸ್ವಾಮಿ. ಮದ್ದು ತೆಗ್ಯೋರ ಹತ್ರ ಬೇರು ತಂದು ಕುಡ್ಸಿದ್ನಲ್ಲ, ಅದ್ಕೇ."

"ಬೇರನ್ನು ಯಾತರಲ್ಲಿ ಕೊಟ್ಟಿರಿ?"

"ಎಳ್ಳಿನ ಜೊತೆ ಅರ್ದು, ಎಳ್ಳೆಣ್ಣ್ಯಾಗೆ ಕಲ್ಸಿ. ಕಹಿ ಅಂತ ಮ್ಯಾಲೊಂದು ಎಳ್ಳುಂಡಿ."

ನಾನು ಅಲ್ಲೇ ಜಗಲಿಯ ಮೇಲೆ ಕುಳಿತೆ. ಹಿಂದೆ ದದ್ದು ಎದ್ದ ದಿನಗಳಲ್ಲಿ ಏನೇನು ತಿಂದಿದ್ದರೆಂದು ಒಂದೊಂದಾಗಿ ಕೇಳಿದೆ. ಎಳ್ಳು ಹಚ್ಚಿದ ರೊಟ್ಟಿ, ಸಂಕ್ರಾಂತಿಯ ಎಳ್ಳುಬೆಲ್ಲ, ಎಳ್ಳಿನ ಚಟ್ನಿಪುಡಿ. ಅನ್ನ ಸಾರು ಉಂಡ ದಿನ ಏನೂ ಇಲ್ಲ. ಪಾಪ, ಸೊಸೆ ರುಚಿಗೆಂದು ಹಚ್ಚಿದಳು, ಮಗಳು ಗುಣವಾಗಲೆಂದು ಕುಡಿಸಿದಳು. ಇಬ್ಬರ ಪ್ರೀತಿಯ ನಡುವೆ ಆ ಜೀವ ನುಜ್ಜುಗುಜ್ಜಾಗಿತ್ತು.

ಕಾರಣ ಹೇಳಿದರೆ ನಾಗಮ್ಮ ಕೆರಳಿದಳು. "ಹುಟ್ಟಿದಾಗ್ಲಿಂದ ಎಳ್ಳು ತಿಂದೋಳು ನಮ್ಮವ್ವ. ನಮ್ಮನಿ ವ್ಯಾಪಾರವೇ ಎಳ್ಳು. ಇಲ್ದಿದ್ದು ಈಗೆಲ್ಲಿಂದ ಬಂತು?"

ಇಂದು ಇದಕ್ಕೆ ಅಲರ್ಜಿ ಎನ್ನುತ್ತೇವೆ. ಜನ್ಮವೆಲ್ಲ ಒಗ್ಗಿದ ಆಹಾರವನ್ನು ಮೈ ಒಂದು ದಿನ ಶತ್ರುವೆಂದು ತಿಳಿದು ತಿರುಗಿಬೀಳುವುದುಂಟು, ಅದಕ್ಕೆ ವಯಸ್ಸಿನ ಹಂಗಿಲ್ಲ. ಆಗ ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಮೊಟ್ಟೆಗೋ ಮೀನಿಗೋ ಹೀಗಾದವರ ವಿಷಯ ಓದಿದ್ದೆ, ಅಷ್ಟೆ. ಬಾಯಿಗೆ ಬಂದದ್ದು ಹೇಳಿದೆ: "ನಲವತ್ತು ವರ್ಷ ಒಂದೇ ಒಲೆಯ ಅನ್ನ ಉಂಡ ಅಣ್ಣತಮ್ಮಂದಿರು ಒಂದು ದಿನ ಪಾಲು ಕೇಳುವುದಿಲ್ಲವೇನಮ್ಮಾ? ಹಾಗೆಯೇ ಇದು." ಅವಳು ಸುತರಾಂ ಒಪ್ಪಲಿಲ್ಲ.

ಸೋಮವಾರ ಹಿರಿಯರು ಬಂದು ಪಡಸಾಲೆಯಲ್ಲಿ ಕುಳಿತರು. ನಾನೂ ಹೋದೆ. ನಾಗಮ್ಮನಿಗೆ, "ನಿಮ್ಮ ಮನೆಯಿಂದಲೇ ಎಳ್ಳು ತನ್ನಿ, ಒಂದಿಷ್ಟು ಹುರಿಗಡಲೆಯನ್ನೂ ತನ್ನಿ. ಎರಡನ್ನೂ ನೀವೇ ಬೇರೆ ಬೇರೆಯಾಗಿ ಅರೆಯಿರಿ, ಬೇರೆ ಯಾರೂ ಮುಟ್ಟುವುದು ಬೇಡ" ಎಂದೆ. ತಿನ್ನಿಸುವ ಧೈರ್ಯ ನನಗಿರಲಿಲ್ಲ. ಸಿದ್ದಮ್ಮನವರ ಎಡ ಮುಂಗೈಯನ್ನು ಸೂಜಿಯಿಂದ ರಕ್ತ ಬಾರದಂತೆ ಗೀರಿ, ಎಳ್ಳಿನ ಹಿಟ್ಟನ್ನು ತುಸುವೇ ತಾಗಿಸಿದೆ. ಬಲಗೈಗೆ ಹುರಿಗಡಲೆಯದು. ಎಳ್ಳನ್ನು ನನ್ನ ಕೈಗೂ ಹಾಗೆಯೇ ಹಚ್ಚಿಕೊಂಡೆ. ಹಿರಿಯರೊಬ್ಬರು ಎಲೆಅಡಿಕೆ ಹಾಕಿಕೊಂಡು ಮುಗಿಸುವಷ್ಟರಲ್ಲಿ ಸಿದ್ದಮ್ಮನವರ ಎಡಗೈಯಲ್ಲಿ ದದ್ದು ಎದ್ದು ನಿಂತಿತು. ಅವರ ಬಲಗೈಗೆ ಏನೂ ಇಲ್ಲ, ನನ್ನ ಕೈಗೂ ಏನೂ ಇಲ್ಲ. ನಾನು ಬೇಗ ಬೇಗ ಅದನ್ನು ತೊಳೆಸಿದೆ.

ನಾಗಮ್ಮ ಹಿಟ್ಟು ಮೆತ್ತಿದ ತನ್ನ ಕೈಗಳನ್ನೇ ನೋಡುತ್ತ, "ಅಯ್ಯೋ ಶಿವನೇ, ನಾನೇ ಕುಡ್ಸಿದ್ನಲ್ಲವ್ವಾ" ಎಂದು ಕುಸಿದಳು. ಸಿದ್ದಮ್ಮ ಅವಳ ತಲೆಯನ್ನು ತೊಡೆಗೆ ಎಳೆದುಕೊಂಡರು. "ಬಿಡೇ ಹುಚ್ಚಿ, ನೀನೂ ಪ್ರೀತಿಗೇ ಕೊಟ್ಟಿ, ಆಕೀನೂ ಪ್ರೀತಿಗೇ ಕೊಟ್ಲು" ಎಂದರು. ಆಮೇಲೆ ಮಗನ ಕಡೆ ತಿರುಗಿ, "ಏನ್ಲೇ, ಕಂಬದಂಗೆ ನಿಂತೀಯ? ಗಾಡಿ ಕಟ್ಟು" ಎಂದರು.

ಸೊಸೆಯನ್ನು ಕರೆತರಲು ಅತ್ತೆಯೇ ಬೀಗರ ಬಾಗಿಲಿಗೆ ಹೋಗುವ ಪದ್ಧತಿ ಇರಲಿಲ್ಲ. ಹಿರಿಯರು ಮುಖ ಮುಖ ನೋಡಿಕೊಂಡರು, ಸಿದ್ದಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ಲಸಿಕೆಯ ಕೆಲಸಕ್ಕೆ ನಾನೂ ಆ ದಾರಿಯಲ್ಲೇ ಹೋಗಬೇಕಿತ್ತು, ಗಾಡಿ ಹತ್ತಿದೆ.

ದೇವಸಮುದ್ರದಲ್ಲಿ ಪಾರ್ವತಿ ಬಾಗಿಲಿಗೆ ಬಂದವಳು ಅತ್ತೆಯನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಸೊರಗಿಹೋಗಿದ್ದಳು ಹುಡುಗಿ. ಬಸಪ್ಪ ತಡವರಿಸುತ್ತ ಎಳ್ಳಿನ ವಿಷಯವನ್ನೆಲ್ಲ ಹೇಳಿದ. ಕೇಳಿಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ಊಟಕ್ಕೆ ಕುಳಿತೆವು. ರೊಟ್ಟಿ, ಪಲ್ಯ, ಅದೆಂಥದೋ ಚಟ್ನಿ. ಅತ್ತೆಯ ಮುಂದೆ ಬಂದಾಗ ಪಾರ್ವತಿ ರೊಟ್ಟಿ ಬಡಿಸದೆ ಹಾಗೇ ಹಿಡಿದು ನಿಂತಳು. ವೈದ್ಯನ ಬಾಯಿ ಸುಮ್ಮನಿರುತ್ತದೆಯೇ? "ಅಮ್ಮಾ, ಏನೇನು ಹಾಕಿದೆ ಎಂದು ಮೊದಲು ಕೇಳಿ, ಆಮೇಲೆ ತಿನ್ನಿ" ಎಂದೆ.

ಸಿದ್ದಮ್ಮ ನನ್ನನ್ನು ದುರುಗುಟ್ಟಿ ನೋಡಿದರು. "ಸುಮ್ನಿರಪ್ಪಾ ನೀನು! ಇಷ್ಟು ದಿನ ಊರೋರೆಲ್ಲ ಆಕೀನ ಕೇಳಿದ್ದೇ ಸಾಕು. ನಾ ಕೇಳಲ್ಲ." ಸೊಸೆಯ ಕೈಯಿಂದಲೇ ರೊಟ್ಟಿ ತೆಗೆದುಕೊಂಡು, ಮುರಿದು, ಚಟ್ನಿ ಹಚ್ಚಿ ಬಾಯಿಗಿಟ್ಟರು. ನಾನು ಅವರ ತುಟಿಯನ್ನೇ ನೋಡುತ್ತ ಕುಳಿತೆ.

"ಎಳ್ಳು ಹಾಕಿಲ್ಲತ್ತೆ" ಎಂದಳು ಪಾರ್ವತಿ, ಕೇಳಿಸಿಯೂ ಕೇಳಿಸದಂತೆ.

"ಗೊತ್ತು ಬಿಡೇ, ಅದ್ಕೇ ಸಪ್ಪಗೈತೆ" ಎಂದರು ಸಿದ್ದಮ್ಮ, ಕಣ್ಣೊರೆಸಿಕೊಳ್ಳುತ್ತ. ಪಾರ್ವತಿ ನಕ್ಕಳು, ನಗುತ್ತಲೇ ಅತ್ತಳು.

ಆಮೇಲೆ ನಾನು ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದೆ. ಮೈಯೆಲ್ಲ ಗಂಧೆ ಎದ್ದವರನ್ನು ಕರೆತಂದು, ಊಟ ಯಾರು ಬಡಿಸಿದರೆಂದು ಮನೆಯವರು ಶುರುಮಾಡಿದರೆ ತಡೆಯುತ್ತಿದ್ದೆ, ಏನು ಬಡಿಸಿದರೆಂದಷ್ಟೇ ಹೇಳಿ ಎನ್ನುತ್ತಿದ್ದೆ. ಮುನಿದ ತಿನಿಸನ್ನು ಬಿಟ್ಟು ಬದುಕಬಹುದು. ಬಡಿಸಿದ ಕೈಯನ್ನೇ ಬಿಟ್ಟರೆ ಆ ಮನೆಯಲ್ಲಿ ಉಣ್ಣುವುದಾದರೂ ಏನನ್ನು?