ಭೂಮಿ ಹುಣ್ಣಿಮೆಯ ಎರಡು ಗಂಟೆ ನಲವತ್ತು ನಿಮಿಷ

ಲೈಸೆನ್ಸ್ ಬಂದ ಹೊಸದರಲ್ಲಿ ನನ್ನ ತಲೆ ತಿಂದವರು ಒಬ್ಬಿಬ್ಬರಲ್ಲ. ಸಾಗರದ ಚಿಕ್ಕಮ್ಮನಂತೂ ಸಿಕ್ಕಿದಾಗೆಲ್ಲ ಅದೇ ಪ್ರಶ್ನೆ: ಬಸ್ಸಿನ ಲೈಸೆನ್ಸ್ ಇದ್ದವರಿಗೆ ಕೂತಲ್ಲೇ ಕೆಲಸ ಸಿಗ್ತದೆ, ವಿಮಾನದ್ದಕ್ಕೆ ಯಾಕೆ ಸಿಗಲ್ಲ? ವಿವರಿಸಿ ವಿವರಿಸಿ ನನಗೆ ಸಾಕುಬೇಕಾಗಿತ್ತು. ಲೈಸೆನ್ಸಿಗೆ ಇನ್ನೂರು ಗಂಟೆ ಹಾರಿದರೆ ಸಾಕು. ಕೆಲಸ ಕೊಡುವವರು ಇನ್ನೂ ಹೆಚ್ಚು ಅನುಭವ ಕೇಳುತ್ತಾರೆ. ಅನುಭವ ಬೇಕೆಂದರೆ ಯಾರಾದರೂ ವಿಮಾನ ಕೊಡಬೇಕು. ಕೆಲಸ ಇಲ್ಲದವಳಿಗೆ ವಿಮಾನ ಕೊಡುವ ಪುಣ್ಯಾತ್ಮರು ಯಾರು? ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಚಿಕ್ಕಮ್ಮ, "ಹಾಗಾದ್ರೆ ಬಸ್ಸೇ ಕಲೀಬಹುದಿತ್ತಪ್ಪ" ಅನ್ನುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಕೊನೆಗೆ ಬಯಲುಸೀಮೆಯ ಒಂದು ಹಾರಾಟದ ಶಾಲೆಯಲ್ಲಿ ಕಲಿಸುವ ಕೆಲಸ ಹಿಡಿದೆ. ಎರಡೇ ಸೀಟಿನ ಪುಟ್ಟ ವಿಮಾನ. ಎಡಗಡೆ ಬೆವರುತ್ತ ಕೂತ ವಿದ್ಯಾರ್ಥಿ, ಬಲಗಡೆ ನಾನು. ಅವರು ಇಳಿಸುವಾಗ ದಡಕ್ಕನೆ ಬಡಿದರೆ ನನ್ನ ಸೊಂಟಕ್ಕೆ ಪೆಟ್ಟು, ಆದರೆ ಗಂಟೆ ನನ್ನ ಲೆಕ್ಕಕ್ಕೂ ಸೇರುತ್ತದೆ. ಆ ಗಂಟೆಗಳನ್ನೆಲ್ಲ ಬರೆದಿಡುವುದು ಲಾಗ್‌ಬುಕ್ಕಿನಲ್ಲಿ. ಯಾವ ದಿನ, ಯಾವ ವಿಮಾನ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು. ಪೈಲಟ್ಟಿನ ಬದುಕೇ ಆ ಉದ್ದನೆಯ ಪುಸ್ತಕ. ಅದರಲ್ಲಿ ಒಂದು ಸಾಲು ತಪ್ಪಾದರೂ ಬಿಳಿ ಬಣ್ಣ ಬಳಿದು ಮುಚ್ಚುವಂತಿಲ್ಲ. ಕಾಣುವ ಹಾಗೆ ಗೆರೆ ಹೊಡೆದು, ಪಕ್ಕದಲ್ಲಿ ಸಹಿ ಹಾಕಬೇಕು.

ನಮ್ಮ ಮನೆ ಇರುವುದು ಕವಲೇದುರ್ಗದ ಬುಡದಲ್ಲಿ. ನವರಾತ್ರಿಗೆ ಪುಸ್ತಕಗಳನ್ನು ದೇವರ ಮುಂದೆ ಇಟ್ಟರೆ ದಶಮಿಯ ಬೆಳಿಗ್ಗೆವರೆಗೆ ಯಾರೂ ಮುಟ್ಟುವ ಹಾಗಿಲ್ಲ. ದಶಮಿಯ ದಿನ ಎತ್ತಿಕೊಂಡವರು ದೇವರಿಗೆ ಕೇಳುವ ಹಾಗೆ ಒಂದಿಷ್ಟು ಓದಬೇಕು. ಓದು ನಿಂತ ಕಡೆ ಅಜ್ಜಿ ಅಂಚಿಗೆ ಕುಂಕುಮದ ಬೊಟ್ಟು ಇಡುತ್ತಾಳೆ. ಮುಂದಿನ ವರ್ಷ ಅದೇ ಪುಸ್ತಕ ಪೂಜೆಗೆ ಬಂದರೆ ಬೊಟ್ಟಿನಿಂದ ಮುಂದಕ್ಕೆ ಓದಬೇಕು. ಬೇರೆ ಮನೆಗಳಲ್ಲಿ ಹೀಗಿದೆಯೋ ಇಲ್ಲವೋ ಗೊತ್ತಿಲ್ಲ, ನಮ್ಮಲ್ಲಿ ಅಜ್ಜಿ ಮಾಡಿದ್ದೇ ಶಾಸ್ತ್ರ. ಲಾಗ್‌ಬುಕ್ಕನ್ನೂ ಅವಳು ಬಿಟ್ಟವಳಲ್ಲ. ಅನ್ನ ಕೊಡುವ ಪುಸ್ತಕ, ಅದಕ್ಕಿಂತ ಸರಸ್ವತಿ ಯಾವುದು ಅಂತ ಅವಳ ವಾದ.

ಆ ಸಲ ನವರಾತ್ರಿಗೆ ಊರಿಗೆ ಬರುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಸಣ್ಣ ಊರುಗಳಿಗೆ ವಿಮಾನ ಬಿಡುವ ಒಂದು ಕಂಪನಿ ಹೊಸಬರನ್ನು ತೆಗೆದುಕೊಳ್ಳುತ್ತಿತ್ತು. ಶಿವಮೊಗ್ಗಕ್ಕೂ ಬರುತ್ತದೆ ಆ ಕಂಪನಿಯ ವಿಮಾನ. ಕನಿಷ್ಠ ಐನೂರು ಗಂಟೆ ಬೇಕು ಅಂದಿದ್ದರು. ನನ್ನದು ಐನೂರ ಒಂದು ಗಂಟೆ ಹತ್ತು ನಿಮಿಷ. ದಶಮಿ ಕಳೆದು ಎರಡನೇ ದಿನ ಬೆಂಗಳೂರಿನಲ್ಲಿ ಸಂದರ್ಶನ. ಎಷ್ಟು ವರ್ಷದ ಆಸೆ ಅದು! ಹೊಸನಗರದಲ್ಲಿ ಬಸ್ಸು ಬದಲಿಸುವಾಗ ಗುರುತಿಲ್ಲದ ಹೆಂಗಸಿನ ಹತ್ತಿರವೂ ಹೇಳಿಕೊಂಡುಬಿಟ್ಟಿದ್ದೆ.

ದಶಮಿಯ ಬೆಳಿಗ್ಗೆ ಮಂಗಳಾರತಿ ಆಯ್ತು. ನಾನು ಪುಸ್ತಕ ಎತ್ತಿ, ಹೋದ ವರ್ಷದ ಬೊಟ್ಟು ಹುಡುಕಿ, ಅದರ ಕೆಳಗಿನ ಸಾಲು ಗಟ್ಟಿಯಾಗಿ ಓದಿದೆ. ಅಕ್ಟೋಬರ್ ತಿಂಗಳು, ಇಂಥ ತಾರೀಕು, ವಿದ್ಯಾರ್ಥಿಯ ಜೊತೆ ದೂರದ ಹಾರಾಟ, ಎರಡು ಗಂಟೆ ನಲವತ್ತು ನಿಮಿಷ. ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಅಜ್ಜಿ ಕೈ ಅಡ್ಡ ತಂದಳು.

"ತಾರೀಕು ಇನ್ನೊಂದು ಸಲ ಹೇಳು."

ಹೇಳಿದೆ. ಅಜ್ಜಿ ಎದ್ದು ಜಗಲಿಗೆ ಹೋಗಿ, ಗೋಡೆಯಲ್ಲಿ ಹೊಸ ಕ್ಯಾಲೆಂಡರಿನ ಹಿಂದೆ ನೇತುಹಾಕಿದ್ದ ಹಳೆಯದನ್ನು ತಂದಳು. ಕೊಟ್ಟಿಗೆಯ ಸಮಾಚಾರವೆಲ್ಲ ಅವಳು ಪೆನ್ಸಿಲಿನಲ್ಲಿ ಬರೆಯುವುದು ಅದರ ಮೇಲೇ. ಆ ತಾರೀಕಿನ ಚೌಕದಲ್ಲಿ ಹೀಗಿತ್ತು: ಭೂಮಿ ಹುಣ್ಣಿಮೆ. ಹಸು ಕರು ಹಾಕಿತು. ಹೆಣ್ಣು.

"ಅವತ್ತು ನೀನು ಇಲ್ಲೇ ಇದ್ದೆ ಮಗಾ. ಗದ್ದೆಗೆ ಚರಗ ಚೆಲ್ಲಿ ಬಂದು, ಕರು ಒರೆಸಿದ್ದು ನೀನೇ."

ಹೌದು, ಇಲ್ಲೇ ಇದ್ದೆ. ಭೂಮಿ ಹುಣ್ಣಿಮೆ ಅಂದರೆ ನಮ್ಮ ಕಡೆ ತೆನೆ ಹೊತ್ತ ಬಸುರಿ ಗದ್ದೆಗೆ ಬಯಕೆ ಊಟ ಬಡಿಸುವ ಹಬ್ಬ. ಆ ಅನ್ನವನ್ನು ಗದ್ದೆಗೆಲ್ಲ ಎರಚುವುದೇ ಚರಗ. ಹೋದ ವರ್ಷ ದಶಮಿಗೆಂದು ಬಂದವಳು ಆ ಹಬ್ಬ ಬಿಟ್ಟು ಹೋಗಲು ಮನಸ್ಸಾಗದೆ, ಶಾಲೆಗೆ ಫೋನ್ ಮಾಡಿ ಇನ್ನೊಂದು ದಿನ ರಜೆ ಕೇಳಿದ್ದೆ. ನನ್ನ ಹಾರಾಟವನ್ನು ಬೇರೆ ಶಿಕ್ಷಕರು ಮಾಡಿದ್ದರು. ವಾಪಸ್ ಹೋಗಿ ವಾರದ್ದನ್ನೆಲ್ಲ ಒಟ್ಟಿಗೆ ಬರೆಯುವಾಗ ಡ್ಯೂಟಿ ಬೋರ್ಡು ನೋಡಿ ಬರೆದಿದ್ದೆ. ಬೋರ್ಡಿನಲ್ಲಿ ನನ್ನ ಹೆಸರನ್ನು ಯಾರೂ ಅಳಿಸಿರಲಿಲ್ಲ. ಹಾರದ ಎರಡು ಗಂಟೆ ನಲವತ್ತು ನಿಮಿಷ ಇಡೀ ವರ್ಷ ನನ್ನ ಮೊತ್ತದಲ್ಲಿ ಸೇರಿಕೊಂಡು ಬಂದಿತ್ತು. ಅದನ್ನು ಕಳೆದರೆ ಉಳಿಯುವುದು ನಾನೂರ ತೊಂಬತ್ತೆಂಟೂವರೆ. ಒಂದೂವರೆ ಗಂಟೆ ಕಡಿಮೆ.

ಸುಳ್ಳು ಯಾಕೆ ಹೇಳಲಿ, ಮೊದಲು ಸಿಟ್ಟು ಬಂದದ್ದು ಅಜ್ಜಿಯ ಮೇಲೆ. ಬೇರೆಯವರ ಮನೆ ಅಜ್ಜಿಯಂದಿರ ಹಾಗೆ ಕೈಮುಗಿದು ಸುಮ್ಮನೆ ಕೂರಲು ಏನಾಗಿತ್ತು ಅಂತ ಕೂಗಾಡಿದೆ. ಅಪ್ಪಯ್ಯ ಸಮಾಧಾನಕ್ಕೆ ಬಂದರು. ಪುಟಕ್ಕೆ ಶಾಲೆಯ ದೊಡ್ಡ ಶಿಕ್ಷಕರ ಸಹಿ ಬಿದ್ದಿದೆ, ವರ್ಷ ಕಳೆದಿದೆ, ಯಾರು ಹುಡುಕುತ್ತಾರೆ, ಸಂದರ್ಶನ ಮುಗಿಸಿ ಬಾ, ಆಮೇಲೆ ನೋಡಿದರಾಯ್ತು ಅಂದರು. ಆ ಮಾತು ನನಗೆ ಬೆಲ್ಲದಷ್ಟು ಸಿಹಿಯಾಗಿ ಕೇಳಿಸಿತು. ಅಜ್ಜಿ ಬುದ್ಧಿ ಗಿದ್ಧಿ ಏನೂ ಹೇಳಲಿಲ್ಲ. ಒಂದೂವರೆ ಗಂಟೆ ಅಂದರೆ ಎಷ್ಟು ದೂರ ಅಂತ ಮಾತ್ರ ಕೇಳಿದಳು. ನಮ್ಮ ಪುಟ್ಟ ವಿಮಾನದಲ್ಲಿ ಇಲ್ಲಿಂದ ಬೆಂಗಳೂರಿನ ಹತ್ತಿರ ಹತ್ತಿರ ಅಂದೆ. "ಅಷ್ಟೇಯಾ? ಹಾರಿಸಿಬಿಡು ಮತ್ತೆ" ಅಂತ ದೋಸೆ ಹೊಯ್ಯಲು ಹೋದಳು.

ನಾನು ಕೊಟ್ಟಿಗೆಗೆ ಹೋಗಿ ಕೂತೆ. ಆ ಕರು ಈಗ ನನ್ನ ಸೊಂಟದೆತ್ತರ ಬೆಳೆದಿತ್ತು. ಬಂದು ನನ್ನ ಮೊಣಕೈ ನೆಕ್ಕಲು ಶುರುಮಾಡಿತು. ಕಣ್ಣೆದುರು ಸಾಕ್ಷಿ ನಿಂತಿರುವಾಗ ಎಲ್ಲಿಗೆ ಹೋಗುವುದು ಹೇಳಿ! ಆ ಸಾಲು ಹಾಗೇ ಬಿಟ್ಟರೆ, ಮುಂದೆ ಎಂದಾದರೂ ಐವತ್ತು ಅರವತ್ತು ಜನರನ್ನು ಹಿಂದೆ ಕೂರಿಸಿಕೊಂಡಾಗ ನನ್ನ ಪುಸ್ತಕದ ಮೇಲೆ ನನಗೇ ನಂಬಿಕೆ ಇರುವುದಿಲ್ಲ ಅನ್ನಿಸಿತು. ಮನಸ್ಸು ಮಾತ್ರ ಚೂರೂ ಒಪ್ಪುತ್ತಿರಲಿಲ್ಲ. ಅಳು ಬಂತು, ಅತ್ತೆ. ಆಮೇಲೆ ಒಳಗೆ ಹೋಗಿ, ಸ್ಕೇಲ್ ಇಟ್ಟು ಗೆರೆ ಎಳೆದು, ಸಹಿ ಹಾಕಿ, ಕೊನೆಯ ಪುಟದ ಮೊತ್ತವನ್ನೂ ತಿದ್ದಿದೆ. ಅಜ್ಜಿ ಹಿಟ್ಟಿನ ಕೈ ತೊಳೆದುಕೊಂಡು ಬಂದು ಓದು ನಿಂತ ಕಡೆ ಹೊಸ ಬೊಟ್ಟು ಇಟ್ಟಳು. ಅದೂ ಗೆರೆಯ ಪಕ್ಕದಲ್ಲೇ ಬಿತ್ತು. ಶಾಲೆಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡು ಸರಿಯಾಗಿ ಬೈಸಿಕೊಂಡೆ. ತಿದ್ದುಪಡಿಯ ಪತ್ರ ಮಾರನೇ ದಿನ ಕಳಿಸಿದರು.

ಸಂದರ್ಶನದಲ್ಲಿ ಲಾಗ್‌ಬುಕ್ ನೋಡಲು ಕೂತವರು ತಲೆ ನೆರೆತ ಒಬ್ಬ ಕ್ಯಾಪ್ಟನ್. ನಾನು ಕೂರುವ ಮೊದಲೇ, ಒಂದೂವರೆ ಗಂಟೆ ಕಡಿಮೆ ಇದೆ ಸರ್, ಅಂದುಬಿಟ್ಟೆ. ಅವರು ಪುಟ ತಿರುಗಿಸುತ್ತ ಬಂದು ಆ ಗೆರೆಯ ಮೇಲೆ ಬೆರಳಿಟ್ಟರು. ಬೆರಳಿಗೆ ಕುಂಕುಮ ಅಂಟಿತು.

"ಇದನ್ನ ಹಿಡಿದವರು ಯಾರು?"

"ನಮ್ಮಜ್ಜಿ, ಸರ್."

"ಅವರೂ ಪೈಲಟ್ಟಾ?"

"ಅಲ್ಲ ಸರ್. ಅವರ ಹತ್ರ ಕ್ಯಾಲೆಂಡರ್ ಇದೆ."

ಹಬ್ಬ, ಹಸು, ಕರು ಎಲ್ಲ ಹೇಳಿದೆ. ಅವರು ನಗಲಿಲ್ಲ. ಉಳಿದ ಪುಟಗಳನ್ನು ನೋಡದೆ ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದರು. ನಿಯಮ ನಿಯಮವೇ, ಐನೂರು ಆಗದೆ ಸಹಿ ಹಾಕುವುದಿಲ್ಲ ಅಂದರು. ಆದರೆ ಆಯ್ಕೆ ಮುಗಿಯುವುದು ಮುಂದಿನ ವಾರ, ಅಷ್ಟರಲ್ಲಿ ಹಾರಿಸಿಕೊಂಡು ಬಂದರೆ ನೋಡೋಣ ಅಂತಲೂ ಹೇಳಿದರು. ನಾನು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ಈಗ ನೆನಪಿಲ್ಲ.

ಶಾಲೆಗೆ ಓಡಿದೆ. ಒಂದು ವಿಮಾನ ರಿಪೇರಿಯಲ್ಲಿ, ಇನ್ನೊಂದಕ್ಕೆ ವಿದ್ಯಾರ್ಥಿಗಳ ಸಾಲು. ಕೊನೆಗೆ ನನಗೆ ಸಿಕ್ಕಿದ ದಿನ ಯಾವುದು ಗೊತ್ತೇ? ಭೂಮಿ ಹುಣ್ಣಿಮೆ. ಹೋದ ವರ್ಷ ಹಬ್ಬ ಮಾಡಿ ಹಾರಿದೆ ಅಂತ ಬರೆದವಳು, ಈ ವರ್ಷ ಹಬ್ಬ ಬಿಟ್ಟು ಹಾರಿದೆ. ಬೆಳಗಿನ ಗಾಳಿ ಶಾಂತವಾಗಿತ್ತು. ವಿದ್ಯಾರ್ಥಿ ಎಂದಿಲ್ಲದಷ್ಟು ಮೆತ್ತಗೆ ಇಳಿಸಿದ. ಒಂದು ಗಂಟೆ ಮೂವತ್ತೈದು ನಿಮಿಷ. ಬೋರ್ಡಿನ ಕಡೆ ಕಣ್ಣು ಹಾಯಿಸದೆ, ವಿಮಾನದ ಪಕ್ಕದಲ್ಲೇ ನಿಂತು ಬರೆದೆ. ಆಮೇಲೆ ಮನೆಗೆ ಫೋನ್ ಮಾಡಿದೆ. ಅಜ್ಜಿ ಗದ್ದೆಯಿಂದ ಆಗಷ್ಟೇ ಬಂದಿದ್ದಳು. ನನ್ನ ಪಾಲಿನ ಚರಗವನ್ನೂ ತಾನೇ ಚೆಲ್ಲಿದೆ ಅಂದಳು.

ಕೆಲಸದ ಪತ್ರ ದೀಪಾವಳಿಯ ಹಿಂದಿನ ದಿನ ಬಂತು. ಅದನ್ನು ತೋರಿಸಲೆಂದೇ ಊರಿಗೆ ಹೋದೆ. ಸಾಗರದ ಚಿಕ್ಕಮ್ಮನೂ ಬಂದಿದ್ದರು. ಪತ್ರವನ್ನು ಎರಡು ಸಲ ಓದಿ, ಬಸ್ಸಿಗಿಂತ ಇದೇ ವಾಸಿ ಬಿಡು ಅಂದರು. ಅಜ್ಜಿ ಮಾತ್ರ ಪತ್ರ ಮುಟ್ಟದೆ ನನ್ನ ಕೈ ಹಿಡಿದು ಕ್ಯಾಲೆಂಡರಿನ ಮುಂದೆ ನಿಲ್ಲಿಸಿದಳು. ಹುಣ್ಣಿಮೆಯ ಚೌಕದಲ್ಲಿ ಕೊಟ್ಟಿಗೆಯ ಸಮಾಚಾರ ಏನೂ ಇರಲಿಲ್ಲ. ಪೆನ್ಸಿಲಿನಲ್ಲಿ ಒತ್ತಿ ಬರೆದಿದ್ದಳು: ಹುಡುಗಿ ಹಬ್ಬಕ್ಕೆ ಬರಲಿಲ್ಲ. ವಿಮಾನ ಹಾರಿಸಿದ್ದು ನಿಜ.